ಎರಡು ಬೆರಳು ನೀರು

ಪುಟ್ಟೀ, ಗುಂಡಾ,

ನೀವಿಬ್ಬರೂ ಸ್ಕೂಲಿನಲ್ಲಿ ತಮಿಳು ಓದುತ್ತೀರಿ, ಮನೆಗೆ ಬಂದರೆ ಮೊಬೈಲಿನಲ್ಲಿ ಇಂಗ್ಲಿಷ್ ಓದುತ್ತೀರಿ. ರಜೆಗೆ ಬಂದಾಗ ನಾನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಕನ್ನಡ ಎಷ್ಟು ಉಳಿದಿದೆಯೋ ಗೊತ್ತಿಲ್ಲ. ಆದರೂ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗೆ ಬರೆಯಲು ಬರುವುದು ಇದೊಂದೇ, ಅದೂ ಈ ಗಡಿ ಊರಿನ ಸ್ಕೂಲಿನ ಏಳನೇ ಕ್ಲಾಸಿನವರೆಗಿನದು. ಬಾಯಲ್ಲಿ ಹೇಳಿಬಿಡಬಹುದಿತ್ತು. ಆದರೆ ಎದುರಿಗೆ ಮುಖ ಇದ್ದರೆ ನನಗೆ ಮಾತು ಹೊರಡುವುದಿಲ್ಲ. ಇದು ನಿಮ್ಮಮ್ಮನಿಗೂ ಗೊತ್ತು.

ಹೋದ ತಿಂಗಳು ಮತ್ತಿಗಿರಿಯ ನಿಮ್ಮ ಮನೆಯಿಂದ ಬಂದಿದ್ದಾಗ ಪುಟ್ಟಿ ಬಾವಿಗೆ ಬಗ್ಗಿ ನೋಡಿ, "ಅಜ್ಜೀ, ನೀರು ಯಾಕೆ ಅಷ್ಟು ಕೆಳಗೈತೆ?" ಎಂದು ಕೇಳಿದಳು. ನಾನು, "ಮಳೆ ಇಲ್ಲ ಕಣೇ" ಎಂದುಬಿಟ್ಟೆ. ಅದು ಸುಳ್ಳು. ಹೋದ ವರ್ಷ ರಾಗಿ ತೆನೆಯಲ್ಲೇ ಮೊಳೆಯುವಷ್ಟು ಮಳೆ ಬಂದಿತ್ತು. ಅವಳು ನನ್ನ ಮಾತು ನಂಬಿಕೊಂಡು ಆಡಲು ಹೋದಳು. ಅವತ್ತಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ.

ನಿಜವಾಗಿ ಆದದ್ದು ಹೀಗೆ.

ನಮ್ಮ ಹೊಲದ ಅಂಚಿನ ಆ ಬಾವಿಯನ್ನು ನಿಮ್ಮ ತಾತನ ತಾತ ತೋಡಿಸಿದ್ದು. ಕೇರಿಯ ಏಳು ಮನೆಗೂ ಕುಡಿಯುವ ನೀರು ಅದರದೇ. ಪಂಚಾಯಿತಿ ನಲ್ಲಿಯಲ್ಲಿ ಯಾವಾಗಲೋ ಬರುವ ನೀರು ಬಟ್ಟೆಗೆ, ದನಕ್ಕೆ. ಬಾವಿಗೆ ಇಳಿಯಲು ಗೋಡೆಯಿಂದ ಹೊರಗೆ ಚಾಚಿದ ಕಲ್ಲುಗಳಿವೆಯಲ್ಲ, ಅವು ಇಪ್ಪತ್ತೆರಡು. ನಾನು ಮದುವೆಯಾಗಿ ಬಂದಾಗ ಬೇಸಿಗೆಯಲ್ಲೂ ಎಂಟನೆಯ ಕಲ್ಲಿನ ಮೇಲೆ ನಿಂತು ಬಿಂದಿಗೆ ಮುಳುಗಿಸುತ್ತಿದ್ದೆವು.

ಬಾವಿ ಅಳೆಯುವುದು ನಮ್ಮ ಮನೆಯ ಹೆಂಗಸರ ಕೆಲಸ. ಅಮಾವಾಸ್ಯೆಯ ದಿನ ಕಟ್ಟೆ ತೊಳೆದು, ಅರಿಶಿನ ಕುಂಕುಮ ಇಟ್ಟು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡಬೇಕು. ಮೊಳಕ್ಕೊಂದು ಗಂಟು. ಕಲ್ಲು ನೀರಿಗೆ ತಾಗಿದ್ದು ಕೈಗೆ ತಿಳಿಯುತ್ತದೆ. ಕಟ್ಟೆಯಿಂದ ನೀರಿಗೆ ಇಷ್ಟು ಮೊಳ, ಇಷ್ಟು ಗೇಣು ಎಂದು ಮನೆಯವರಿಗೆ ಹೇಳಬೇಕು. ಗೇಣಿಗಿಂತ ಕಡಿಮೆಯದನ್ನು ಹೇಳುವಂತಿರಲಿಲ್ಲ. ನಮ್ಮತ್ತೆ ನನಗೆ ಹಗ್ಗ ಕೈಗೆ ಕೊಟ್ಟ ದಿನವೇ ಹೇಳಿದ್ದರು: "ಗಂಗಮ್ಮನ್ನ ಬೆರಳಲ್ಲಿ ಅಳೀಬ್ಯಾಡ ಕಣಮ್ಮಿ. ಒಂದು ಬೆರಳು ಇಳೀತು, ಎರಡು ಬೆರಳು ಇಳೀತು ಅಂದ್ರೆ ಮುನಿಸ್ಕೊಂಡು ಹೋಗ್ಬುಡ್ತಾಳೆ. ಗೇಣು ತುಂಬ್ಲಿಲ್ವಾ, ನಿಂತೈತೆ ಅನ್ನು." ನಾನು ಹಾಗೇ ಹೇಳುತ್ತಾ ಬಂದೆ. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಇವತ್ತಿನ ಎರಡು ಬೆರಳು ಮುಂದಿನ ತಿಂಗಳ ಮಳೆಗೆ ತುಂಬಿಕೊಳ್ಳುತ್ತಿತ್ತು.

ಪುಟ್ಟಿ ಇನ್ನೂ ಹುಟ್ಟಿರದ ಕಾಲದಲ್ಲಿ ನಮ್ಮ ಹೊಲಕ್ಕೆ ಮೇಲಿದ್ದ ಹೊಲವನ್ನು ಅದರ ಯಜಮಾನರು ಮಾರಿ ಹೋದರು. ಕೊಂಡವರು ಬೆಳೆ ಇಡಲು ಬಂದವರಲ್ಲ. ಆಲಸನತ್ತಂ ಕಡೆ ಏಳುತ್ತಿದ್ದ ಹೊಸ ಮನೆಗಳಿಗೆ ಹಗಲೂ ರಾತ್ರಿ ನೀರೆತ್ತಿ ಕಳಿಸಲು ದೊಡ್ಡ ಬೋರ್ ಕೊರೆಸಿದರು. ನೀರು ಧಾರಾಳವಾಗಿ ಬಿತ್ತು. ನಮ್ಮ ಬಾವಿಯಿಂದ ಅದು ನೂರು ಮೀಟರ್ ದೂರ. ಕೇರಿಯವರೆಲ್ಲ ಸೇರಿ ಜಗಳವಾಯಿತು. ಕೊನೆಗೆ ಒಂದು ಮಾತಿಗೆ ಬಂದರು: ಮೂರು ದಿನ ನಿಲ್ಲಿಸದೆ ಬೋರಿನ ಮೋಟರ್ ಓಡಿಸುವುದು. ನಮ್ಮ ಬಾವಿಯ ನೀರು ಸ್ವಲ್ಪ ಇಳಿದು ಒಂದು ಕಡೆ ನಿಂತರೆ ಬೋರ್ ಇರಲಿ. ನಿಲ್ಲದೆ ಇಳಿಯುತ್ತಲೇ ಹೋದರೆ ಬೋರ್ ಮುಚ್ಚುವುದು. ಬಾವಿ ನಮ್ಮ ಜಾಗದಲ್ಲಿದ್ದುದರಿಂದ ಕಡೆಯ ಮಾತು ನಿಮ್ಮ ತಾತನದು.

ಅವರ ಕಡೆಯಿಂದ ಒಬ್ಬ ಇಂಜಿನಿಯರ್ ಟೇಪು ಹಿಡಿದು ಬಂದರು. ನಿಮ್ಮ ತಾತ ಒಪ್ಪಲಿಲ್ಲ.

"ನಿಮ್ ಟೇಪು ನಿಮ್ ಬೋರಿಗೆ ಇಟ್ಕಳಿ ಸಾರ್. ನಮ್ ಬಾವಿಗೆ ನಮ್ ಹಗ್ಗ. ನಮ್ ಮನೆಯೋಳು ಅಳೀತಾಳೆ. ಅವ್ಳು ಏನಂದ್ರೆ ಅದು."

ಒಳಗೆ ಬಾಗಿಲ ಮರೆಯಲ್ಲಿದ್ದ ನನಗೆ ಭಯವಾಯಿತು. ನನ್ನ ಓರಗಿತ್ತಿ, ಅಂದರೆ ನಿಮ್ಮ ದೊಡ್ಡಜ್ಜಿ, ಬಾಯಿಗೆ ಸೆರಗು ಮುಚ್ಚಿ ನಗತೊಡಗಿದರು. "ಏನಮ್ಮಿ, ನಿನ್ ಗಂಡ ನಿನ್ನ ಇಂಜಿನಿಯರ್ ಮಾಡ್ಬುಟ್ಟ! ನಾಳೆ ನಿನ್ಗೂ ಒಂದು ಹಳದಿ ಹೆಲ್ಮೆಟ್ ಕೊಡ್ತಾರೆ, ಹಾಕ್ಕಂಡು ಹಸ ಕರೆಯೋಕೆ ಹೋಗು."

"ಸುಮ್ಕಿರಕ್ಕ" ಎಂದೆ. ಆದರೆ, ಮಕ್ಕಳೇ, ಒಳಗೊಳಗೆ ನನಗೆ ಹೆಮ್ಮೆಯೂ ಆಯಿತು. ಅಷ್ಟು ಜನರ ಮುಂದೆ ಅವರು ನನ್ನನ್ನು ಹಾಗೆ ನಂಬಿ ಮಾತಾಡಿದ್ದು ಅದೇ ಮೊದಲು.

ಮೊದಲ ದಿನ ಸಂಜೆಗೆ ನೀರು ಎರಡು ಮೊಳ ಇಳಿಯಿತು. ಹೇಳಿದೆ. ಕೇರಿಯವರು ಬೈದಾಡಿದರು. ಎರಡನೆಯ ದಿನ ಒಂದು ಗೇಣು ಇಳಿಯಿತು. ಅದನ್ನೂ ಹೇಳಿದೆ. ಇಂಜಿನಿಯರ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡು, "ನೋಡಿ, ಕಮ್ಮಿ ಆಗ್ತಾ ಇದೆ. ನಾಳೆ ನಿಂತ್ಬಿಡುತ್ತೆ" ಎಂದರು.

ಮೂರನೆಯ ದಿನ ಬೆಳಿಗ್ಗೆ ಅಳೆದಾಗ ಹಗ್ಗ ಕಟ್ಟೆಗೆ ತಾಗಿದ ಜಾಗಕ್ಕೆ ಒಂದು ಕೆಂಪು ದಾರ ಕಟ್ಟಿದೆ. ಮಧ್ಯಾಹ್ನ ಮತ್ತೆ ಇಳಿಬಿಟ್ಟೆ. ದಾರ ಕಟ್ಟೆಗಿಂತ ಕೆಳಗೆ ಹೋಗಿತ್ತು. ಬೆರಳಿಟ್ಟು ನೋಡಿದೆ. ಒಂದು ಬೆರಳು. ಸಂಜೆ ಐದು ಗಂಟೆಗೆ ಕಡೆಯ ಅಳತೆ. ಬಾವಿಕಟ್ಟೆಯ ಸುತ್ತ ಗಂಡಸರು ತುಂಬಿದ್ದರು. ನಮ್ಮ ಭಾವನವರಿದ್ದರು, ಅವರ ಮುಂದೆ ನಾನು ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಹೊಲ ಕೊಂಡವರಿದ್ದರು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಕಲ್ಲು ನೀರಿಗೆ ತಾಗಿತು. ದಾರದಿಂದ ಕಟ್ಟೆಗೆ ಈಗ ಎರಡು ಬೆರಳು.

"ಏನಮ್ಮಾ, ನಿಂತಿದೆಯಾ?" ಎಂದರು ಇಂಜಿನಿಯರ್.

ನಾನು ಕೆಂಪು ದಾರವನ್ನೇ ನೋಡಿದೆ.

"ಹೇಳೇ, ನಿಂತೈತಾ?" ಎಂದರು ನಿಮ್ಮ ತಾತ.

"ನಿಂತೈತೆ" ಎಂದೆ.

ಅಷ್ಟೇ. ಬೋರ್ ಇರಲಿ ಎಂಬ ಕಾಗದಕ್ಕೆ ನಿಮ್ಮ ತಾತ ರುಜು ಹಾಕಿದರು. ಕೇರಿಯವರು ಬೇರೆ ಮಾತಾಡಲಿಲ್ಲ, ಒಪ್ಪಂದ ಒಪ್ಪಂದವೇ. ನಾನು ಹಗ್ಗ ಸುತ್ತಿಕೊಂಡು ಮನೆಯೊಳಗೆ ಬಂದುಬಿಟ್ಟೆ.

ಗೇಣು ತುಂಬದ್ದನ್ನು ಹೇಳಬಾರದೆಂಬ ನಮ್ಮತ್ತೆಯ ಮಾತಿಗೆ ಹಾಗೆಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ನಿಂತಿಲ್ಲ ಎಂದಿದ್ದರೆ ಎಷ್ಟು, ಹೇಗೆ, ತೋರಿಸು ಎಂದು ಎಲ್ಲರೂ ಕೇಳುತ್ತಿದ್ದರು. ಎರಡು ಬೆರಳು ಜೋಡಿಸಿ ಹಿಡಿದು ಅಷ್ಟು ಗಂಡಸರಿಗೆ ತೋರಿಸಬೇಕಾಗುತ್ತಿತ್ತು. ಹೆಂಗಸಿನ ಲೆಕ್ಕ ಎಂದು ನಗುತ್ತಿದ್ದರೇನೋ. ನನಗೆ ಅಲ್ಲಿಂದ ಬೇಗ ಒಳಗೆ ಹೋಗಬೇಕಿತ್ತು. ಎರಡು ಬೆರಳು ತಾನೇ, ನಾಳೆ ನಿಲ್ಲುತ್ತದೆ ಎಂದುಕೊಂಡೆ.

ನಾಳೆ ನಿಲ್ಲಲಿಲ್ಲ. ಮುಂದಿನ ಅಮಾವಾಸ್ಯೆಗೆ ಒಂದು ಗೇಣು ಇಳಿದಿತ್ತು. ಬೇಸಿಗೆ ಎಂದೆವು. ಮಳೆಗಾಲದಲ್ಲಿ ಏರಿತು, ಆದರೆ ಹಿಂದಿನ ವರ್ಷದಷ್ಟು ಏರಲಿಲ್ಲ. ಪ್ರತಿ ವರ್ಷ ಹಾಗೇ. ಎರಡು ಕಲ್ಲು ಕೆಳಗೆ, ಮತ್ತೊಂದು ಕಲ್ಲು ಕೆಳಗೆ. ಹನ್ನೆರಡನೆಯ ಕಲ್ಲಿಗೆ ಬಂದಾಗ ನಿಮ್ಮ ತಾತ ಕಟ್ಟೆಯ ಮೇಲೆ ಕೂತು ಆ ಇಂಜಿನಿಯರನ್ನು ಬಾಯಿಗೆ ಬಂದಂತೆ ಬೈದರು. "ಕಳ್ ನನ್ಮಗ, ಪುಸ್ತಕದಾಗೆ ಏನೋ ಬರ್ಕಂಡು ಮೋಸ ಮಾಡ್ಬುಟ್ಟ. ನಿನ್ ಅಳತೆ ಸುಳ್ಳಾಗಲ್ಲ. ಅವನೇ ಏನೋ ಮಾಡವ್ನೆ." ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಆ ಮನುಷ್ಯನ ತಪ್ಪಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಕಾಯಿ ಸುಲಿದು ಮುಗಿಸಿ ಎದ್ದು ಹೋದೆ.

ಕಡೆಯ ವರ್ಷ ಸಕ್ಕರೆ ಕಾಯಿಲೆಯಿಂದ ಅವರಿಗೆ ಕಣ್ಣು ಕಾಣದಾಯಿತು. ಬಾವಿಯ ತನಕ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ನಾನು ಹಗ್ಗ ಬಿಡುವ ಸದ್ದು ಕೇಳಿಸಿಕೊಂಡು, "ನಿಂತೈತಾ?" ಎನ್ನುತ್ತಿದ್ದರು. "ನಿಂತೈತೆ" ಎನ್ನುತ್ತಿದ್ದೆ. ಆಗ ಅದು ವರ್ಷಕ್ಕೆ ಒಂದೂವರೆ ಮೊಳ ಇಳಿಯುತ್ತಿತ್ತು. ಅವರು ನಂಬಿಕೊಂಡೇ ಹೋದರು. ಇದಕ್ಕೆ ನನಗೆ ಯಾರು ಕ್ಷಮೆ ಕೊಡಬೇಕೋ ಅವರೇ ಇಲ್ಲ.

ಅವರು ಹೋದ ಎರಡನೆಯ ವರ್ಷ ಒಬ್ಬ ಹುಡುಗಿ ಸ್ಕೂಟರಿನಲ್ಲಿ ಬಂದಳು. ಯಾವುದೋ ಕಾಲೇಜಿನಲ್ಲಿ ನೆಲದೊಳಗಿನ ನೀರಿನ ಬಗ್ಗೆ ಓದುತ್ತಿದ್ದವಳು, ಊರೂರು ತಿರುಗಿ ಬಾವಿ ಅಳೆಯುತ್ತಿದ್ದಳು. ಮನೆಮಾತು ತಮಿಳು, ಕನ್ನಡವೂ ಚೆನ್ನಾಗಿ ಬರುತ್ತಿತ್ತು. ನನ್ನನ್ನು ಅಜ್ಜಿ ಎನ್ನುವ ಬದಲು ಪಾಟಿ ಎನ್ನುತ್ತಿದ್ದಳು. ಬಿಸಿಲಿನಲ್ಲಿ ಬಾಡಿಹೋಗಿದ್ದಳೆಂದು ಊಟಕ್ಕೆ ಕೂರಿಸಿದೆ. ಮುದ್ದೆ ಮುರಿದವಳೇ "ಅಯ್ಯೋ!" ಎಂದು ಬೆರಳು ಬಾಯಿಗಿಟ್ಟುಕೊಂಡಳು.

"ಮೇಲೆ ಆರಿದೆ ಪಾಟಿ, ಒಳಗೆ ಸುಡ್ತಾ ಇದೆ!"

"ದೊಡ್ ಮುದ್ದೆ ಹಂಗೇ ಕಣಮ್ಮ. ಮಕ್ಳಿಗೆ ಆದ್ರೆ ಸಣ್ಣದು ಕಟ್ತೀವಿ, ಬಿರ್ನೆ ಆರ್ತದೆ."

ಅವಳು ನಕ್ಕಳು. "ಎರಡರಷ್ಟು ದಪ್ಪ ಇದ್ರೆ ಆರೋಕೆ ಎಷ್ಟು ಹೊತ್ತು ಹಿಡಿಯುತ್ತೆ, ಹೇಳಿ ನೋಡೋಣ?"

"ಎರಡರಷ್ಟು."

"ಇಲ್ಲ ಪಾಟಿ, ನಾಲ್ಕರಷ್ಟು. ಮೂರರಷ್ಟು ದಪ್ಪ ಇದ್ರೆ ಒಂಬತ್ತರಷ್ಟು. ನೆಲದೊಳಗೆ ನೀರಿನ ಲೆಕ್ಕಾನೂ ಇದೇ."

ನಾನು ಕೇಳಿಸಿಕೊಂಡೆ. ಎಂದೂ ಯಾರನ್ನೂ ಏನನ್ನೂ ಕೇಳದವಳು ಅವತ್ತು ಕೇಳಿದೆ, ಬೋರ್ ಓಡಿದರೆ ಬಾವಿ ನೀರು ನಿಲ್ಲುವುದಕ್ಕೆ ಎಷ್ಟು ದಿನ ಬೇಕು ಎಂದು. ಅವಳು ಎಂಜಲು ಕೈಯಲ್ಲೇ ನೆಲದ ಮೇಲೆ ಬರೆದು ತೋರಿಸಿದಳು. ದೂರವನ್ನು ದೂರದಿಂದಲೇ ಗುಣಿಸಬೇಕು. ಅದನ್ನು ಮಣ್ಣು ಎಷ್ಟು ನೀರು ಬಿಟ್ಟುಕೊಡುತ್ತದೆ ಎಂಬುದರಿಂದ ಗುಣಿಸಬೇಕು. ಆಮೇಲೆ ಆ ನೆಲದಲ್ಲಿ ನೀರು ಎಷ್ಟು ಸಲೀಸಾಗಿ ನಡೆಯುತ್ತದೆ ಎಂಬುದರಿಂದ ಭಾಗಿಸಬೇಕು. ನಮ್ಮ ಕಡೆಯದು ಕಲ್ಲು ನೆಲ, ನೀರು ಬಹಳ ನಿಧಾನ. ಬೇರೆ ಊರುಗಳಲ್ಲಿ ಅಳೆದ ಅಂದಾಜಿನ ಮೇಲೆ ಫೋನಿನಲ್ಲಿ ಲೆಕ್ಕ ಹಾಕಿದಳು. ನೂರು ಮೀಟರಿಗೆ ಸುಮಾರು ಹತ್ತು ದಿನ.

"ಹತ್ತು ದಿನಕ್ಕೆ ನಿಲ್ತದಾ?"

"ನಿಲ್ಲೋದಲ್ಲ ಪಾಟಿ. ಮೊದಲ ದಿನಗಳಲ್ಲಿ ಬೇಗ ಇಳಿಯೋದು ಬಂಡೆ ಬಿರುಕಿನ ನೀರು ಮಾತ್ರ. ಬೋರ್ ಎಳೀತಾ ಇರೋದು ನಿಮ್ಮ ಬಾವಿಗೆ ಪೂರ್ತಿ ಗೊತ್ತಾಗೋಕೇ ಹತ್ತು ದಿನ. ಆಮೇಲೆ ಆ ಎಳೆತ ಇನ್ನೂ ದೂರ ಹೋಗ್ತಾ ಇರುತ್ತೆ, ಎಲ್ಲಾದ್ರೂ ತುಂಬಿದ ನೀರು ಸಿಗೋ ತನಕ. ಅಲ್ಲಿಂದ ನೀರು ಬರೋಕೆ ಶುರುವಾದ್ರೆ ಆಗ ನಿಲ್ಲುತ್ತೆ."

ಮೂರು ದಿನ ಓಡಿಸಿ ನೋಡಿದ್ದೆವು ಎಂದೆ. ಅವಳು ಕೇಳಬಾರದ್ದನ್ನೇ ಕೇಳಿದಳು ಎನ್ನಲಾರೆ, ಅವಳಿಗೇನು ಗೊತ್ತು ಪಾಪ. "ಮೂರು ದಿನಕ್ಕೆ ನಿಂತಿದೆ ಅಂತ ಯಾರು ಹೇಳಿದ್ದು?" ಎಂದು ನಗುತ್ತಲೇ ಕೇಳಿದಳು.

"ನಾನು."

ಅವಳ ನಗು ನಿಂತಿತು. ನಾನು ಮೊದಲ ಸಲ ಒಬ್ಬರಿಗೆ ಹೇಳಿದೆ. ಬೆಳಿಗ್ಗೆಯಿಂದ ಸಂಜೆಗೆ ಎರಡು ಬೆರಳು ಇಳಿದಿತ್ತು ಎಂದೆ. ಅವಳು ಬಾಯಿ ತಪ್ಪಿ, "ಎರಡು ಬೆರಳಾ? ಅಷ್ಟೇ ಸಾಕಾಗಿತ್ತು ಪಾಟಿ, ಅದೊಂದನ್ನ ಬರೆದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ, ನೀವು ಹೇಳಿದ್ದರೂ ಅವರು ಬೋರ್ ಬಿಡುತ್ತಿರಲಿಲ್ಲ ಎಂದೆಲ್ಲ ಸಮಾಧಾನ ಮಾಡಿದಳು. ಒಳ್ಳೆಯ ಹುಡುಗಿ. ಆದರೆ ನಾನು ಮೊದಲ ಮಾತನ್ನು ಕೇಳಿಸಿಕೊಂಡುಬಿಟ್ಟಿದ್ದೆ.

ಹೋಗುವ ಮುಂಚೆ ಅವಳು ಹತ್ತಿರದಲ್ಲಿ ಕೆರೆ ಎಲ್ಲಿದೆ ಎಂದು ಕೇಳಿದಳು. ಬೋರಿನಿಂದ ಮೂರು ಕಿಲೋಮೀಟರ್ ಎಂದೆ. ಹಾಗಾದರೆ ಅದು ಬಾವಿಗಿಂತ ಮೂವತ್ತರಷ್ಟು ದೂರ. ಮೂವತ್ತು ಮೂವತ್ತಲ ಒಂಬೈನೂರು. ಒಂಬೈನೂರು ಸಲ ಹತ್ತು ದಿನ, ಒಂಬತ್ತು ಸಾವಿರ ದಿನ. "ಇಪ್ಪತ್ತೈದು ವರ್ಷ ಅಂದಾಜು. ಆಗ ನೀರು ಒಂದು ಮಟ್ಟಕ್ಕೆ ನಿಲ್ಲಬಹುದು. ಕೆರೆಯಲ್ಲಿ ವರ್ಷ ಪೂರ್ತಿ ನೀರಿರುತ್ತಾ ಪಾಟಿ?"

ಇಲ್ಲ ಎಂದೆ. ಕೆರೆಗೆ ನೀರು ತರುತ್ತಿದ್ದ ಕಾಲುವೆಯ ಮೇಲೆ ರಸ್ತೆ ಬಂದು ಎಷ್ಟೋ ವರ್ಷವಾಗಿತ್ತು. ಮಳೆಗಾಲದಲ್ಲಿ ಒಂದೆರಡು ತಿಂಗಳು ಎಮ್ಮೆ ಮೀಯುವಷ್ಟು ನಿಲ್ಲುತ್ತದೆ, ಅಷ್ಟೇ. ಹುಡುಗಿ ಫೋನು ಚೀಲಕ್ಕೆ ಹಾಕಿಕೊಂಡಳು.

"ಬೋರ್ ಇವತ್ತೇ ನಿಲ್ಸಿದ್ರೆ?" ಎಂದು ಕೇಳಿದೆ.

"ಮೊದಲು ಸ್ವಲ್ಪ ಬೇಗ ಏರುತ್ತೆ. ಹಳೇ ಮಟ್ಟಕ್ಕೆ ಬರೋಕೆ, ಇಳಿಯೋಕೆ ಹಿಡಿಯೋ ಅಷ್ಟೇ ಕಾಲ ಹಿಡಿಯುತ್ತೆ."

ಅವಳು ಹೋದ ಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನೇ ಲೆಕ್ಕ ಹಾಕಿದೆ. ಕೆರೆ ಇಲ್ಲದಿದ್ದರೆ ತುಂಬಿದ ನೀರು ಸಿಗುವುದು ಹೊಳೆಯಲ್ಲಿ. ಹೊಳೆ ಕೆರೆಗಿಂತ ಎರಡರಷ್ಟು ದೂರ. ಎರಡರಷ್ಟು ಎಂದರೆ ನಾಲ್ಕರಷ್ಟು. ನಾಲ್ಕು ಇಪ್ಪತ್ತೈದಲ ನೂರು. ತಪ್ಪಿರಬಹುದೆಂದು ಮತ್ತೆ ದಿನಗಳಲ್ಲಿ ಹಾಕಿದೆ. ಮೂವತ್ತಾರು ಸಾವಿರ ದಿನ ಬಂತು, ನೂರಕ್ಕೆ ಒಂದು ವರ್ಷ ಕಡಿಮೆ. ಲೆಕ್ಕ ಸರಿಯಾಗಿತ್ತು. ಸ್ಕೂಲಿನಲ್ಲಿ ಲೆಕ್ಕ ಸರಿಯಾದರೆ ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು. ಇದನ್ನು ಯಾರಿಗೆ ತೋರಿಸಲಿ?

ಅಷ್ಟು ಕಾಲ ಇಳಿಯಲು ಬಾವಿಯಲ್ಲಿ ನೀರಾದರೂ ಎಲ್ಲಿದೆ? ಇಪ್ಪತ್ತೆರಡನೆಯ ಕಲ್ಲು ಹೋದ ವರ್ಷ ಬರಿದಾಯಿತು. ಅದರ ಕೆಳಗೆ ಒಂದೂವರೆ ಆಳು ನೀರು, ಅದರ ಕೆಳಗೆ ಬಂಡೆ. ಏಳು ಮನೆಗಳಲ್ಲಿ ಈಗ ಸೇದುವವರು ಎರಡು ಮನೆ, ಉಳಿದವರು ಕ್ಯಾನ್ ನೀರು ತರಿಸುತ್ತಾರೆ. ಒಂದು ದಿನ ನೀರು ನಿಂತೇ ನಿಲ್ಲುತ್ತದೆ, ಆದರೆ ಅದು ಬಂಡೆಯ ಮೇಲೆ ನಿಲ್ಲುವುದು. ಅದನ್ನು ನಾನು ನೋಡುತ್ತೇನೆ ಎನ್ನಿಸುತ್ತದೆ.

ನಿಮ್ಮ ದೊಡ್ಡಜ್ಜಿ ಈಗಲೂ ದಾರಿಯಲ್ಲಿ ಹೋಗುವಾಗ ನಿಂತು ರೇಗಿಸುತ್ತಾರೆ. "ಇನ್ನೂ ಅಳೀತಿದ್ದೀಯಾ? ಅಳೆದ್ರೆ ಉಕ್ಕಿ ಬತ್ತದಾ? ಬಾ ಅತ್ಲಾಗೆ, ಕಾಫಿ ಕುಡಿಯಾನ." ನಾನು ಹಗ್ಗ ಸುತ್ತಿಟ್ಟು ಹೋಗುತ್ತೇನೆ. ಅವರ ಕ್ಯಾನ್ ನೀರಿನ ಕಾಫಿ ಕುಡಿಯುತ್ತೇನೆ. ಎರಡು ಬೆರಳಿನ ವಿಷಯ ಅವರಿಗೂ ಹೇಳಿಲ್ಲ. ಎಷ್ಟೋ ಸಲ ಗಂಟಲ ತನಕ ಬಂದಿದೆ. ಅವರ ಮೊಮ್ಮಗುವಿಗೆ ಹಾಲು ಕಲಸುವುದಕ್ಕೂ ಅದೇ ಕ್ಯಾನ್ ಬಗ್ಗಿಸುವುದನ್ನು ನೋಡಿದಾಗ ಮತ್ತೆ ಒಳಗೆ ಹೋಗುತ್ತದೆ.

ನಿಮ್ಮಿಂದ ಏನೂ ಆಗಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ. ಆ ಹುಡುಗಿ ಹೇಳಿದ ವರ್ಷಗಳು ಬರೀ ಅಂದಾಜು, ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಸರಿಯೋ ತಪ್ಪೋ ತಿಳಿಯಬೇಕಾದರೆ ಒಂದೇ ಬಾವಿಯನ್ನು ಬಹಳ ವರ್ಷ ಬಿಡದೆ ಅಳೆದು ಬರೆದಿಟ್ಟಿರಬೇಕಂತೆ. ಹಾಗೆ ಬರೆದಿಟ್ಟವರು ಈ ಕಡೆ ಯಾರೂ ಸಿಗಲಿಲ್ಲ ಎಂದಳು. ಅವಳು ಮತ್ತೆ ಬರಲಿಲ್ಲ. ಅವಳು ಬಂದು ಹೋದ ಮುಂದಿನ ಅಮಾವಾಸ್ಯೆಯಿಂದ ನಾನು ಬೆರಳಿನಲ್ಲೇ ಬರೆಯುತ್ತಿದ್ದೇನೆ, ಒಂದು ಬೆರಳನ್ನೂ ಬಿಡದೆ. ಅದಕ್ಕೂ ಹಿಂದಿನದು ಮೊಳ, ಗೇಣಿನಲ್ಲಿ ನನಗೆ ನೆನಪಿದ್ದಷ್ಟು. ಮೂರು ದಿನದ ಅಳತೆಯನ್ನೂ ಬರೆದಿದ್ದೇನೆ. ಮೂರನೆಯ ದಿನ ಸಂಜೆಯ ಎದುರಿಗೆ ಎರಡು ಬೆರಳು, ನಿಂತಿರಲಿಲ್ಲ ಎಂದು ಬರೆದು ನನ್ನ ಹೆಸರು ಹಾಕಿದ್ದೇನೆ. ಎಲ್ಲವೂ ಈ ಹಾಳೆಗಳ ಹಿಂಬದಿಯಲ್ಲಿದೆ.

ನನ್ನನ್ನು ಬೈಯಬೇಕೆನಿಸಿದರೆ ಬೈಯಿರಿ. ಆದರೆ ಈ ಹಾಳೆಗಳನ್ನು ನೋಟ್ ಪುಸ್ತಕಗಳ ಜೊತೆ ರದ್ದಿಗೆ ಹಾಕಬೇಡಿ. ನಿಮ್ಮಮ್ಮನ ಬೀರುವಿನಲ್ಲಿ, ಮನೆ ಪತ್ರಗಳ ಜೊತೆಯಲ್ಲಿ, ಗೆದ್ದಲು ಹತ್ತದ ಕಡೆ ಇಡಿ.